ಮೊದಲು ಕೇಳಬೇಕಾದ ಪ್ರಶ್ನೆ

ತಾಳವಾಡಿ ಭಾಗದ ಕನ್ನಡ ಶಾಲೆಯೊಂದರಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಐದನೇ ತರಗತಿಯ ಹುಡುಗನೊಬ್ಬ ಪುಸ್ತಕದ ಹಾಳೆ ಹರಿದು ಪಕ್ಕದವನ ಮುಖಕ್ಕೆ ಎಸೆದ. ಕಾರಣ ಕೇಳದೆ ಅವನನ್ನು ಇಡೀ ಮಧ್ಯಾಹ್ನ ಹೊರಗೆ ನಿಲ್ಲಿಸಿದೆ. ಮರುವಾರವೂ ಅದೇ ಆಯಿತು. ಆಗ ತರಗತಿಯ ಶಿಕ್ಷಕಿ ಹೇಳಿದರು: “ಸಾರ್, ಬಾಯಿಲೆಕ್ಕಕ್ಕೆ ಇವನೇ ಮೊದಲು ಕೈ ಎತ್ತುತ್ತಾನೆ. ಗಟ್ಟಿಯಾಗಿ ಓದುವ ಸರದಿ ಹತ್ತಿರ ಬಂದಾಗ ಮಾತ್ರ ಜಗಳ.”

ಹೆದರಿದ ಹುಡುಗನಿಗೆ ನಾನು ಶಿಕ್ಷೆ ಕೊಟ್ಟಿದ್ದೆ. ಗಲಾಟೆ ಮಾಡಿದರೆ ಓದುವುದು ತಪ್ಪುತ್ತದೆ ಎಂಬುದನ್ನೂ ನಾನೇ ಕಲಿಸಿದ್ದೆ.

ಗಡಿನಾಡ ಶಾಲೆಗಳಲ್ಲಿ ಈ ಕಷ್ಟ ಬೇಗ ಕಣ್ಣಿಗೆ ಬೀಳುವುದಿಲ್ಲ. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ಕನ್ನಡ ಮಾಧ್ಯಮದ ಮಕ್ಕಳಿಗೂ ತಮಿಳು ಪಾಠ ಬಂದಿದೆ. ಕ, ಖ, ಗ, ಘ ನಾಲ್ಕಕ್ಕೂ ತಮಿಳಿನಲ್ಲಿ ಒಂದೇ ಅಕ್ಷರ. ಮಗು ತಡವರಿಸಿದರೆ ಎರಡು ಭಾಷೆಯ ಗೊಂದಲವೆಂದು ಸುಮ್ಮನಾಗುತ್ತೇವೆ. ನಾನೂ ಎರಡೂ ಭಾಷೆಗಳಲ್ಲಿ ಓದಿದವನು. ಎರಡು ಲಿಪಿ ಕಲಿತ ಮಾತ್ರಕ್ಕೆ ಯಾವ ಮಗುವಿಗೂ ಕಲಿಕಾ ನ್ಯೂನತೆ ಬರುವುದಿಲ್ಲ. ತಮಿಳಿನಲ್ಲಿ ಮಾತ್ರ ತೊಡಕಿದ್ದರೆ ಅಭ್ಯಾಸ ಸಾಲದೆನ್ನಬಹುದು. ವರ್ಷಗಟ್ಟಲೆ ಕಲಿಸಿದ ಮನೆಮಾತನ್ನೂ ಅಕ್ಷರ ಕೂಡಿಸಿ ಓದಲಾಗದಿದ್ದರೆ, ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ತಜ್ಞರಿಗೆ ತೋರಿಸಬೇಕು. ಆ ಪರೀಕ್ಷೆ ಕನ್ನಡದಲ್ಲೂ ನಡೆಯಲಿ ಎಂದು ನಾವು ಒತ್ತಾಯಿಸಬೇಕು. ಮಕ್ಕಳ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಇದನ್ನು ಯಾರ ದಯೆಯೆಂದೂ ಬೇಡಬೇಕಾಗಿಲ್ಲ.

ತಜ್ಞರು ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ನಾವು ಸರದಿಯ ಓದನ್ನು ನಿಲ್ಲಿಸಿದೆವು. ಓದಬೇಕಾದ ನಾಲ್ಕು ಸಾಲುಗಳನ್ನು ಹಿಂದಿನ ದಿನವೇ ಗುರುತು ಮಾಡಿ ಕೊಟ್ಟೆವು. ಪಾಠ ಕೇಳಿ ಬಾಯಲ್ಲೇ ಉತ್ತರ ಹೇಳಲು ಬಿಟ್ಟೆವು. ಸಿಟ್ಟು ಏರುತ್ತಿದೆ ಅನಿಸಿದರೆ ಪುಸ್ತಕ ಮುಚ್ಚಿಟ್ಟು, ನೀರು ಕುಡಿದು ಐದು ನಿಮಿಷದಲ್ಲಿ ಬರಬೇಕು ಎಂಬುದು ನಮ್ಮಿಬ್ಬರ ಒಪ್ಪಂದ. ಹೀಗೆಂದು ಹೊಡೆದಾಟಕ್ಕೆ ರಿಯಾಯಿತಿ ಇರಲಿಲ್ಲ. ಕ್ಷಮೆ ಕೇಳಲೇಬೇಕಿತ್ತು, ಹರಿದ ಹಾಳೆ ಅಂಟಿಸಲೇಬೇಕಿತ್ತು. ಆದರೆ ಆ ಮಾತೆಲ್ಲ ಸಿಟ್ಟು ಇಳಿದ ಮೇಲೆ. ಉರಿಯುವ ಹೊತ್ತಿನಲ್ಲಿ ಹೇಳಿದ ಬುದ್ಧಿ ಮಗುವಿನ ಕಿವಿಗೆ ಹೋಗುವುದಿಲ್ಲ.

ಅವನ ಸಿಟ್ಟು ಪೂರ್ತಿ ಹೋಗಲಿಲ್ಲ. ಪುಸ್ತಕ ಹರಿಯುವುದು ಮಾತ್ರ ನಿಂತಿತು.

ಶಿಕ್ಷಕರಲ್ಲಿ, ಹೆತ್ತವರಲ್ಲಿ ನನ್ನದೊಂದೇ ಕೋರಿಕೆ. “ಇವನು ಮುಂಗೋಪಿ” ಎಂದು ಬರೆಯುವ ಮುನ್ನ, ಯಾವ ಪಿರಿಯಡ್ಡಿನಲ್ಲಿ, ಏನು ಮಾಡು ಎಂದಾಗ ಸಿಟ್ಟು ಬಂತು ಎಂಬುದನ್ನು ಎರಡು ವಾರ ಬರೆದಿಡಿ. ಆ ಹುಡುಗನನ್ನು ಹೊರಗೆ ನಿಲ್ಲಿಸುವ ಮುನ್ನ ನಾನು ಮಾಡಬೇಕಾಗಿದ್ದ ಕೆಲಸ ಅದು.