ಸಂದರ್ಶನದ ಕೊಠಡಿಯಲ್ಲಿ

ಉದ್ಯೋಗ ದೊರೆಯಲು ವಿದ್ಯೆ ಮುಖ್ಯವೋ, ನಡೆನುಡಿ ಮುಖ್ಯವೋ? ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯನ್ನೇ ನೋಡೋಣ. ಅಲ್ಲಿ ಬರವಣಿಗೆಗೆ 1750 ಅಂಕಗಳು, ಸಂದರ್ಶನಕ್ಕೆ 275. ವಿಷಯಜ್ಞಾನವನ್ನು ಮೊದಲೇ ಅಳೆದಾಗಿರುವುದರಿಂದ, ಸಂದರ್ಶನವು ಅಭ್ಯರ್ಥಿಯ ವಿವೇಚನೆ, ಸಮಚಿತ್ತ, ಪ್ರಾಮಾಣಿಕತೆಗಳನ್ನು ಪರೀಕ್ಷಿಸತಕ್ಕದ್ದು. ಆದರೆ ಅಷ್ಟು ಅಲ್ಪಾವಧಿಯಲ್ಲಿ ವಾಚಾಳಿಯು ವಿವೇಕಿಯಂತೆ ತೋರುವುದುಂಟು. ಹಳ್ಳಿಯ ಹುಡುಗನ ಸಂಕೋಚವು ಜಡತೆಯೆನಿಸುವುದೂ ಉಂಟು. ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ, ಕಾಲೇಜು ಪ್ರವೇಶದ ಮೊಕದ್ದಮೆಯೊಂದರಲ್ಲಿ, ಸಂದರ್ಶನಕ್ಕೆ ನೂರಕ್ಕೆ 15ಕ್ಕಿಂತ ಹೆಚ್ಚು ಅಂಕ ಕೂಡದೆಂದಿತು. 2016ರಿಂದ ಕೇಂದ್ರ ಸರ್ಕಾರವು ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿದೆ. ಉಳಿದೆಡೆಗಳಲ್ಲಿ ಮಾತನಾಡಲೇಬೇಕಷ್ಟೆ. ಅತಿಥಿಗಳೆದುರು ಬಾಯಿ ತೆರೆದ ಮಗನನ್ನು ‘ದೊಡ್ಡವರ ಮುಂದೆ ಸುಮ್ಮನಿರೋ’ ಎಂದು ಗದರಿಸುವ ಗೃಹಸ್ಥರಾದ ನಾವೇ, ಮುಂದೊಂದು ದಿನ ಅವನು ಅಪರಿಚಿತರಾದ ಹಿರಿಯರೆದುರು ನಿರ್ಭಯವಾಗಿ ಉತ್ತರಿಸಲೆಂದು ದೇವರಿಗೆ ಹರಕೆ ಹೊರುತ್ತೇವೆ!