ಹರಾಜಿಗೆ ಬಿದ್ದ ದುರ್ಯೋಧನ

ಸುಗ್ಗಿ ಮುಗಿದು ಯುಗಾದಿ ಸಮೀಪಿಸುತ್ತಿದ್ದಂತೆ ಕಿರುಗಾವಲು, ಮಳವಳ್ಳಿ, ಮದ್ದೂರು ಸೀಮೆಯ ಗೋಡೆಗಳ ಮೇಲೆ ‘ಕುರುಕ್ಷೇತ್ರ’ದ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಕಿರೀಟ ಧರಿಸಿದ ಹತ್ತಾರು ಮುಖಗಳು, ಅವುಗಳ ಮೇಲೆ ಕಿರೀಟವಿಲ್ಲದ ರಾಜಕಾರಣಿಗಳ ಇನ್ನೂ ದೊಡ್ಡ ಮುಖಗಳು. ಸೂಕ್ಷ್ಮವಾಗಿ ಗಮನಿಸಿದರೆ ಅಲ್ಲೊಂದು ವಿಚಿತ್ರವಿದೆ. ಕೃಷ್ಣ ಒಬ್ಬನಲ್ಲ, ಇಬ್ಬರು, ಕೆಲವೊಮ್ಮೆ ಮೂವರು. ದುರ್ಯೋಧನನೂ ಅಷ್ಟೆ. ವ್ಯಾಸರಿಗೆ ತಿಳಿಯದ ಈ ಸಂಖ್ಯಾವೃದ್ಧಿಯ ಹಿಂದೆ ಯಾವ ರಂಗತತ್ತ್ವವೂ ಇಲ್ಲ. ಇರುವುದು ಬರಿಯ ಲೆಕ್ಕಾಚಾರ. ದೊಡ್ಡ ಪಾತ್ರವೊಂದನ್ನು ಭಾಗ ಮಾಡಿದರೆ ಅದಕ್ಕೆ ಹಣ ಕೊಡುವವರೂ ಹೆಚ್ಚುತ್ತಾರೆ.

ಈ ನಾಟಕ ನಮ್ಮ ಹಳ್ಳಿಗಳಿಗೆ ಬಂದ ದಾರಿ ಘನವಾದದ್ದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ 1930ರ ದಶಕದಲ್ಲಿ, ವೀರಣ್ಣನವರ ಒಡೆತನದಲ್ಲಿ, ಆನೆ ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ವನ್ನು ಆಡಿತು. ಅದೇ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಮಂಡ್ಯದ ಬಯಲಿಗೆ ಹರಿಯಿತು. ಕಬ್ಬು, ಭತ್ತ, ಕೈಯಲ್ಲಿ ನಾಲ್ಕು ಕಾಸು, ಕೊಯ್ಲಿನ ನಂತರದ ಬಿಡುವು. ಮುಂದೆ ಕಂಪನಿಗಳು ಒಂದೊಂದಾಗಿ ಕಳೆಗುಂದಿದಾಗ ಅವುಗಳ ನಟರೂ ಹಾರ್ಮೋನಿಯಂ ವಾದಕರೂ ಊರೂರಿನ ಡ್ರಾಮಾ ಮೇಷ್ಟ್ರುಗಳಾದರು. ಅಕ್ಷರ ಬಾರದ ರೈತನೂ ಕಂದ, ವೃತ್ತಗಳನ್ನು ತಾಳ ತಪ್ಪದೆ ಹಾಡಬಲ್ಲವನಾದದ್ದು ಇವರಿಂದ. ಶಾಲೆ ಮುಟ್ಟದ ಕಡೆ ಹಳೆಗನ್ನಡದ ಛಂದಸ್ಸನ್ನು ಕಿವಿಗೆ ಮುಟ್ಟಿಸಿದ ಈ ಮೇಷ್ಟ್ರುಗಳ ಚರಿತ್ರೆಯನ್ನು ನಮ್ಮ ಸಾಹಿತ್ಯ ಚರಿತ್ರೆಕಾರರು ಇನ್ನೂ ಸರಿಯಾಗಿ ಬರೆದಿಲ್ಲ.

ಮೇಷ್ಟ್ರ ಅಧಿಕಾರವಿದ್ದುದು ಒಂದೇ ವಿಷಯದಲ್ಲಿ: ಯಾರಿಗೆ ಯಾವ ಪಾತ್ರ ಎಂಬುದರಲ್ಲಿ. ಕಂಠ ನೋಡಿ ಕೃಷ್ಣನನ್ನು, ನಿಲುವು ನೋಡಿ ಭೀಮನನ್ನು, ಮಾತಿನ ಬಿಗಿ ನೋಡಿ ಶಕುನಿಯನ್ನು ಆತ ಆರಿಸುತ್ತಿದ್ದ. ತಿಂಗಳುಗಟ್ಟಲೆ ತಾಲೀಮು. ಹಾಡು ಹಿಡಿಯದವನನ್ನು ಪಾತ್ರದಿಂದ ಇಳಿಸುವ ಧೈರ್ಯವೂ ಇತ್ತು. ಇಂದು ಆ ಅಧಿಕಾರ ಹೋಗಿದೆ. ಪ್ರತಿ ಪಾತ್ರಕ್ಕೂ ದರ ನಿಗದಿಯಾಗಿದೆ. ಕೃಷ್ಣ, ದುರ್ಯೋಧನರಿಗೆ ಎಲ್ಲಕ್ಕಿಂತ ಹೆಚ್ಚು, ಸೈಂಧವನಿಗೆ ಕಡಿಮೆ. ದುಡ್ಡು ಕಟ್ಟಿದವನಿಗೆ ಶ್ರುತಿ ಇಲ್ಲವೆಂದು ಹೇಳುವ ಸ್ಥಿತಿಯಲ್ಲಿ ಮೇಷ್ಟ್ರು ಇಲ್ಲ, ಏಕೆಂದರೆ ಆತನ ಸಂಭಾವನೆ ಬರುವುದು ಅದೇ ದುಡ್ಡಿನಿಂದ.

ಇದನ್ನು ದೂರದರ್ಶನದ ತಲೆಗೆ ಕಟ್ಟುವುದು ವಾಡಿಕೆ. 1988ರಿಂದ 1990ರವರೆಗೆ ಬಿ.ಆರ್. ಚೋಪ್ರಾರ ‘ಮಹಾಭಾರತ’ ಭಾನುವಾರ ಬೆಳಿಗ್ಗೆ ಊರುಗಳನ್ನೇ ನಿರ್ಜನಗೊಳಿಸಿದ್ದು ನಿಜ. ಆದರೆ ಹಳ್ಳಿಯ ನಾಟಕ ಅದರಿಂದ ನಿಲ್ಲಲಿಲ್ಲ. ಕಾರಣ ಬೇರೆಡೆ ಇದೆ. ಸೀನರಿ, ಬೆಳಕು, ಧ್ವನಿವರ್ಧಕ, ಕೀಬೋರ್ಡು, ಹೊರಗಿನಿಂದ ಕರೆಸುವ ಸ್ತ್ರೀಪಾತ್ರಧಾರಿಗಳು, ಎಲ್ಲದರ ಬಾಡಿಗೆ ಏರಿತು. ಟಿಕೆಟಿಲ್ಲದ ಈ ರಂಗಭೂಮಿಯಲ್ಲಿ ಆ ಖರ್ಚನ್ನು ನೋಡುವವನಿಂದ ವಸೂಲು ಮಾಡುವಂತಿಲ್ಲ, ಆಡುವವನೇ ಭರಿಸಬೇಕು. ಹಾಗೆ ಭರಿಸಿದವನೇ ಗಿರಾಕಿಯಾದ. ಪ್ರೇಕ್ಷಕ ಲೆಕ್ಕದಿಂದ ಹೊರಗುಳಿದ.

ಇಂಥದೇ ಕಥೆ ಬಹುದೂರದ ಇನ್ನೊಂದು ಲೋಕದಲ್ಲಿಯೂ ನಡೆದಿದೆ. ಪಾತ್ರ ಧರಿಸಿ ಆಡುವ ವಿಡಿಯೊ ಗೇಮ್‌ಗಳ ಪೈಕಿ ಅಮೆರಿಕದ ಬೆಥೆಸ್ಡಾ ಸಂಸ್ಥೆ 1994ರಲ್ಲಿ ಆರಂಭಿಸಿದ ‘ದಿ ಎಲ್ಡರ್ ಸ್ಕ್ರಾಲ್ಸ್’ ಸರಣಿ ಹೆಸರಾದದ್ದು. 2002ರ ‘ಮಾರೊವಿಂಡ್’ನಲ್ಲಿ ಆಟಗಾರನು ಕಲಿಯಬಹುದಾಗಿದ್ದ ವಿದ್ಯೆಗಳು 27. 2006ರ ‘ಆಬ್ಲಿವಿಯನ್’ನಲ್ಲಿ ಅವು 21ಕ್ಕೆ ಇಳಿದವು, 2011ರ ‘ಸ್ಕೈರಿಮ್’ನಲ್ಲಿ 18ಕ್ಕೆ. ಮೊದಲು ದಾರಿಹೋಕರನ್ನು ಕೇಳಿ, ಗುರುತು ಹಿಡಿದು ಹುಡುಕಬೇಕಾಗಿದ್ದ ಜಾಗವನ್ನು ‘ಆಬ್ಲಿವಿಯನ್’ನಿಂದೀಚೆಗೆ ಪರದೆಯ ಮೇಲಿನ ಗುರುತೊಂದು ತೋರಿಸತೊಡಗಿತು. ಅದೇ 2006ರಲ್ಲಿ ಸಂಸ್ಥೆ ಆಟದೊಳಗಿನ ಕುದುರೆಗೆ ಒಂದು ಕವಚವನ್ನು ಎರಡೂವರೆ ಡಾಲರಿಗೆ ಮಾರಿತು. ಜನ ನಕ್ಕರು, ನಗುತ್ತಲೇ ಕೊಂಡವರೂ ಇದ್ದರು. ಇಂದು ಅಲಂಕಾರವನ್ನೂ ಆಯುಧವನ್ನೂ ದುಡ್ಡಿಗೆ ಮಾರುವುದು ಆ ಉದ್ಯಮದ ನಿತ್ಯದ ವ್ಯಾಪಾರ. ಮಾರಾಟ ಬೆಳೆಯಿತು, ಚಿತ್ರಗಳು ಮೋಹಕವಾದವು. ಆಳ ಹೋಯಿತೆಂದು ಹಳೆಯ ಆಟಗಾರರು ಗೊಣಗಿದರು. ಆದರೂ ಆ ಸಂಸ್ಥೆ ಆಟವನ್ನು ಹಗುರ ಮಾಡಿದ್ದು ಹೊಸಬರನ್ನು ಸೆಳೆಯಲು. ನಮ್ಮ ಕುರುಕ್ಷೇತ್ರಕ್ಕೆ ಆ ಸಮರ್ಥನೆಯೂ ಇಲ್ಲ. ಇಲ್ಲಿ ಹೊಸ ಪ್ರೇಕ್ಷಕರು ಬರುತ್ತಿಲ್ಲ, ಇದ್ದವರು ಎದ್ದು ಹೋಗುತ್ತಿದ್ದಾರೆ.

ಹೋಗದೆ ಏನು ಮಾಡಿಯಾರು? ರಾತ್ರಿ ಆರಂಭವಾದ ನಾಟಕದ ನಡುವೆ ಗಣ್ಯರು ಬಂದರೆಂದು ಯುದ್ಧ ನಿಲ್ಲುತ್ತದೆ. ಕರ್ಣನ ಎದುರು ಕುಂತಿ ಕಣ್ಣೀರಿಡುತ್ತಿರುವಾಗ ಕರ್ಣನ ಭಾವಮೈದುನ ವೇದಿಕೆ ಹತ್ತಿ ನೋಟಿನ ಹಾರ ಹಾಕುತ್ತಾನೆ, ಉಂಗುರ ತೊಡಿಸುತ್ತಾನೆ. ಧ್ವನಿವರ್ಧಕದಲ್ಲಿ ಕೊಟ್ಟವರ ಹೆಸರು, ಕೊಟ್ಟ ಮೊತ್ತ. ರಾಗದ ಬದಲು ಸಿನಿಮಾ ಮಟ್ಟುಗಳು ನುಸುಳಿವೆ. ಕಲಿತದ್ದು ಸಾಲದ ಕಡೆ ಧ್ವನಿವರ್ಧಕದ ಪ್ರತಿಧ್ವನಿ ಆ ಕೊರತೆಯನ್ನು ಮುಚ್ಚುತ್ತದೆ. ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಮೂಡಲು ಕೆಂಪಾಗಿರುತ್ತದೆ. ನೋಡಲು ಉಳಿದವರು ಸೀನರಿ ಬಿಚ್ಚಲು ಕಾದ ಆಳುಗಳು. ಇಡೀ ರಾತ್ರಿ ನಾಟಕವನ್ನು ಹೊತ್ತು ನಿಂತವರೆಂದರೆ ಊರಿಂದೂರಿಗೆ ಅಲೆಯುವ ವೃತ್ತಿ ಕಲಾವಿದೆಯರು. ಇವರಿಗೆ ನಾಟಕ ಪೂರ್ತಿ ಬಾಯಿಗೆ ಬಂದಿರುತ್ತದೆ. ದುಶ್ಶಾಸನ ಮಾತು ಮರೆತಾಗ ದ್ರೌಪದಿಯೇ ಮೆಲ್ಲಗೆ ಎತ್ತಿಕೊಡಬೇಕಾದ ಪ್ರಸಂಗ ಅಪರೂಪವಲ್ಲ.

ಹಾಗೆಂದು ಹಳೆಯ ವ್ಯವಸ್ಥೆ ನಿರ್ಮಲವಾಗಿತ್ತೆಂದು ಭಾವಿಸುವುದೂ ತಪ್ಪಾದೀತು. ಮೇಷ್ಟ್ರ ಕಿವಿ ಎಷ್ಟೇ ನಿಷ್ಠುರವಾಗಿದ್ದರೂ ಕೇರಿಯ ಹುಡುಗನ ಕಂಠ ಅದನ್ನು ತಲುಪುವುದೇ ಕಷ್ಟವಿತ್ತು. ಊರ ಪ್ರಮುಖರ ಮಗನಿಗೆ ರಾಜನ ಪಾತ್ರ ಸಲೀಸಾಗಿ ಒದಗುತ್ತಿತ್ತು. ದುಡ್ಡಿಗೆ ಜಾತಿ ಕೇಳುವ ಅಭ್ಯಾಸ ಕಡಿಮೆ. ವರ್ಷವಿಡೀ ಬೇರೆಯವರ ಗದ್ದೆಯಲ್ಲಿ ದುಡಿದು ಒಂದು ರಾತ್ರಿ ಸುಯೋಧನ ಚಕ್ರವರ್ತಿಯಾಗಿ ಗದೆ ಹಿಡಿಯುವವನ ಸಂತೋಷವನ್ನು ನಗರದ ನಾವು ಹಗುರವಾಗಿ ಕಾಣಬಾರದು. ಆದರೆ ಅವನಿಗೆ ಆ ಗದೆಯ ಜೊತೆಗೆ ಒಂದು ಒಳ್ಳೆಯ ಹಾಡೂ ಸಿಗಬೇಕಿತ್ತು. ಪೂರ್ತಿ ಹಣ ತೆತ್ತವನಿಗೆ ಅರೆಬರೆ ವಿದ್ಯೆ ಕೊಟ್ಟು ಕಳಿಸುತ್ತಿದ್ದೇವೆ.

ಸರಕಾರ ಇಲ್ಲಿ ಏನನ್ನೂ ಮಾಡಲಾರದು ಎನ್ನುವಂತಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಾಗಲಿ ನಾಟಕ ಅಕಾಡೆಮಿಯಾಗಲಿ ಪ್ರದರ್ಶನದ ರಾತ್ರಿಗೆ ನೆರವು ನೀಡುವ ಬದಲು ತಾಲೀಮಿನ ತಿಂಗಳುಗಳಿಗೆ ನೀಡಲಿ. ಮೇಷ್ಟ್ರ ಸಂಭಾವನೆ ಪಾತ್ರಧಾರಿಯ ಜೇಬಿನಿಂದ ಬಾರದಿದ್ದರೆ ‘ನೀನು ಈ ಪಾತ್ರಕ್ಕೆ ಆಗುವುದಿಲ್ಲಪ್ಪ’ ಎಂದು ಹೇಳುವ ಸ್ವಾತಂತ್ರ್ಯ ಆತನಿಗೆ ಮರಳೀತು. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣ ಪಕ್ಕದ ಮೈಸೂರಿನಲ್ಲೇ ಇದೆ. ಕಾರಂತರು ಸ್ವತಃ ಬಾಲ್ಯದಲ್ಲಿ ಗುಬ್ಬಿ ಕಂಪನಿ ಸೇರಿದ್ದವರು. ಕಂಪನಿ ಸಂಗೀತದ ಋಣವನ್ನು ಬಲ್ಲವರು. ಅವರ ಸಂಸ್ಥೆಗೂ ಬನ್ನೂರು ರಸ್ತೆಯ ಈ ಹಳ್ಳಿಗಳಿಗೂ ನಡುವೆ ಇರುವುದು ಕಿಲೋಮೀಟರುಗಳ ಅಂತರವಲ್ಲ, ಶಿಷ್ಟ ರಂಗಭೂಮಿಗೆ ಪೌರಾಣಿಕ ನಾಟಕದ ಬಗ್ಗೆ ಇರುವ ತಾತ್ಸಾರದ ಅಂತರ.

ಮಟ್ಟುಗಳನ್ನು ಧ್ವನಿಮುದ್ರಿಸಿ ಇಟ್ಟರಾಯಿತು ಎನ್ನುವವರಿದ್ದಾರೆ. ಅಂಥವರು ಕಿರುಗಾವಲಿಗೇ ಒಮ್ಮೆ ಹೋಗಿಬರಬೇಕು. ಅಲ್ಲಿನ ರೈತ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಡಬ್ಬಿಯಲ್ಲಿ ತುಂಬಿಟ್ಟ ಬೀಜ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ತಳಿ ಉಳಿಯಬೇಕಾದರೆ ಮತ್ತೆ ಮತ್ತೆ ಬಿತ್ತಬೇಕು. ಬಿತ್ತುವಾಗ ಜೊಳ್ಳನ್ನು ಬೇರ್ಪಡಿಸಬೇಕು. ಆ ಕೆಲಸವನ್ನು ಕುರುಕ್ಷೇತ್ರದಲ್ಲಿ ಮಾಡುತ್ತಿದ್ದವರು ಮೇಷ್ಟ್ರು, ಮತ್ತು ಕಂಪನಿ ಕಾಲದ ಶಿಷ್ಯಪರಂಪರೆಯಿಂದ ಬಂದವರು ಈಗ ಹೆಚ್ಚು ಮಂದಿ ಉಳಿದಿಲ್ಲ.