ಚೆಂಡು ಕೊಟ್ಟವನ ಕಡೆಗೊಂದು ಬೆರಳು

ಉಪಜಿಲ್ಲಾ ಕ್ರೀಡಾಕೂಟ ಸಮೀಪಿಸಿದಾಗ ಹೆತ್ತವರು ಅಧ್ಯಾಪಕರಲ್ಲಿ ಕೇಳುವುದು ಎರಡು ಪ್ರಶ್ನೆ: ನಮ್ಮ ಮಗು ತಂಡದಲ್ಲಿದೆಯೇ? ನಾಯಕ ಯಾರು? ಬೆಂಚಿನಲ್ಲಿ ಕುಳಿತ ಮಕ್ಕಳಿಗೂ ಆಡಲು ಸಿಕ್ಕಿತೇ ಎಂದು ವಿಚಾರಿಸುವವರು ವಿರಳ.

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ತರಬೇತುದಾರ ಜಾನ್ ವುಡನ್ ಮೂಲತಃ ಇಂಗ್ಲಿಷ್ ಅಧ್ಯಾಪಕರು. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡಕ್ಕೆ 1964ರಿಂದ 1975ರೊಳಗೆ 10 ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದುಕೊಟ್ಟವರು. ಅವರ ಮೊದಲ ದಿನದ ಪಾಠ, ಕಾಲುಚೀಲವನ್ನು ಸುಕ್ಕಿಲ್ಲದಂತೆ ತೊಡುವುದು; ಸುಕ್ಕಿದ್ದರೆ ಬೊಕ್ಕೆ ಏಳುತ್ತದೆ, ಬೊಕ್ಕೆ ಎದ್ದವನು ಓಡಲಾರ. ಇನ್ನೊಂದು ನಿಯಮವೂ ಇತ್ತು. ಬುಟ್ಟಿಗೆ ಚೆಂಡು ಹಾಕಿದವನು, ಆ ಚೆಂಡನ್ನು ತನಗೆ ಒದಗಿಸಿದವನತ್ತ ಬೆರಳು ತೋರಿಯೋ ತಲೆಯಾಡಿಸಿಯೋ ಕೃತಜ್ಞತೆ ಸೂಚಿಸಬೇಕು.

ನಮ್ಮ ಕುಂಬಳೆಯ ಹೆಸರನ್ನು ಜಗತ್ತಿಗೆಲ್ಲ ಪರಿಚಯಿಸಿದ ಅನಿಲ್ ಕುಂಬ್ಳೆಯವರ ದಾಖಲೆಯಲ್ಲಿಯೂ ಹೀಗೆ ಬೆರಳು ತೋರಬೇಕಾದ ಒಬ್ಬರಿದ್ದಾರೆ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಒಂಬತ್ತು ವಿಕೆಟ್‌ಗಳು ಅವರೊಬ್ಬರ ಪಾಲಾಗಿದ್ದವು. ಮತ್ತೊಂದು ತುದಿಯಿಂದ ಚೆಂಡೆಸೆಯಬೇಕಾದವರು ಮೈಸೂರಿನ ಜಾವಗಲ್ ಶ್ರೀನಾಥ್. ಅವರು ಬೇಕೆಂದೇ ವಿಕೆಟ್‌ನಿಂದ ದೂರಕ್ಕೆ ಎಸೆದರು. ಹತ್ತನೆಯದೂ ಕುಂಬ್ಳೆಯವರಿಗೇ ದಕ್ಕಿತು: 74 ಓಟಗಳಿಗೆ 10 ವಿಕೆಟ್. ಶ್ರೀನಾಥ್ ಎಸೆಯದೆ ಬಿಟ್ಟ ಒಳ್ಳೆಯ ಚೆಂಡುಗಳಿಗೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ.

ರಾಹುಲ್ ದ್ರಾವಿಡ್ ಭಾರತ 'ಎ' ತಂಡದ ತರಬೇತುದಾರರಾದಾಗ, ಪ್ರವಾಸಕ್ಕೆ ಹೋದ ಯಾರೂ ಆಡದೆ ಹಿಂದಿರುಗಬಾರದೆಂದು ನಿಶ್ಚಯಿಸಿದರು. 2018ರಲ್ಲಿ ಅವರ ಕಿರಿಯರ ತಂಡ ವಿಶ್ವಕಪ್ ಗೆದ್ದಾಗ ಅವರಿಗೆ 50 ಲಕ್ಷ ರೂಪಾಯಿ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಎಂದು ಘೋಷಣೆಯಾಯಿತು. ಈ ತಾರತಮ್ಯವನ್ನು ಅವರು ಒಪ್ಪಲಿಲ್ಲ. ಕೊನೆಗೆ ಎಲ್ಲರಿಗೂ 25 ಲಕ್ಷವಾಯಿತು. ಇದನ್ನು ಬರಿಯ ಔದಾರ್ಯವೆನ್ನುವುದು ಸಾಲದು. ಅಂಗಮರ್ದಕನಿಗೂ ತನಗೂ ಗೆಲುವು ಒಂದೇ ಎಂಬುದು ಅವರ ಲೆಕ್ಕಾಚಾರ.

ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಈ ಲೆಕ್ಕಾಚಾರ ಇನ್ನೂ ಅಗತ್ಯ. ದೈಹಿಕ ಶಿಕ್ಷಕರ ಹುದ್ದೆ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿರುವುದರಿಂದ ಸಣ್ಣ ಶಾಲೆಗಳಲ್ಲಿ ಗಣಿತದ ಅಧ್ಯಾಪಕರೇ ಸೀಟಿ ಊದುವುದುಂಟು. ಕಬಡ್ಡಿಯ ಏಳು ಮಂದಿಯಲ್ಲಿ ಇಬ್ಬರು ರಿಲೇ ಓಟಕ್ಕೂ ಬೇಕು, ಕಲೋತ್ಸವದ ಯಕ್ಷಗಾನಕ್ಕೂ ಬೇಕು. (ಯಕ್ಷಗಾನದ ಮಕ್ಕಳಿಗೆ ಕೂಡಿ ಆಡುವುದನ್ನು ಪ್ರತ್ಯೇಕವಾಗಿ ಕಲಿಸಬೇಕಾಗಿಲ್ಲ, ಚೆಂಡೆಯವನು ವೇಷದ ಹೆಜ್ಜೆ ನೋಡದಿದ್ದರೆ ಅಲ್ಲಿಗೆ ಆಟ ಕೆಟ್ಟಿತು.) ಚುರುಕಿನ ಒಂದಿಬ್ಬರ ಮೇಲೆಯೇ ಭಾರವೆಲ್ಲ ಬಿದ್ದು, ಎಂಟನೆಯ, ಒಂಬತ್ತನೆಯ ಮಗು ಮೂರು ವರ್ಷವೂ ನೀರಿನ ಬಾಟಲಿ ಕಾಯುತ್ತದೆ. ಆ ಒಂದಿಬ್ಬರು ಏಳನೆಯ ತರಗತಿ ಮುಗಿಸಿ ಹೋದ ಮರುವರ್ಷ ತಂಡ ಕಟ್ಟಲು ಆಳಿರುವುದಿಲ್ಲ. ಮಕ್ಕಳ ಕೊರತೆ ಎನ್ನುತ್ತೇವೆ. ಕೊರತೆ ಇದೆ, ನಿಜ. ಆದರೆ ಇದ್ದ ಮಕ್ಕಳನ್ನು ಕುಳ್ಳಿರಿಸಿದವರೂ ನಾವೇ ಅಲ್ಲವೇ?

ಇದಕ್ಕೆ ಅಧ್ಯಾಪಕರನ್ನಷ್ಟೇ ಹೊಣೆ ಮಾಡುವುದು ಸಲ್ಲದು. ಸೋತು ಬಂದರೆ ಯಾರೂ ಆಕ್ಷೇಪಿಸುವುದಿಲ್ಲವೆಂಬ ಭರವಸೆ ಇಲ್ಲದೆ ಒಂಬತ್ತನೆಯ ಮಗುವನ್ನು ಕಣಕ್ಕಿಳಿಸುವ ಧೈರ್ಯ ಯಾರಿಗೂ ಬರಲಾರದು. ಆ ಭರವಸೆಯನ್ನು ಕೊಡಬೇಕಾದವರು ಹೆತ್ತವರು. ಅದೂ ಪಂದ್ಯದ ಮೊದಲೇ, ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ.